ದೊಡ್ಡವಳು ಹಾಕಿಸಿದ ಪ್ಯಾಕ್

"ಅಲ್ಲಾ, ಬೇರೆ ದೇಶಕ್ಕೆ ಹೋಗೋರಿಗೆ ಫೋನಲ್ಲಿ ಅಷ್ಟೊಂದು ಇಂಟರ್ನೆಟ್ ಯಾಕೆ ಬೇಕು?"

ದೊಡ್ಡವಳು ಹೀಗೆ ಕೇಳಿದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಉಡುಪು ತೊಡಿಸಿ ನೋಡುವ ತಲೆಯಿಲ್ಲದ ಎರಡು ಬೊಂಬೆಗಳು, ಕಿಟಕಿಗೆ ಆನಿಸಿಟ್ಟ ಕಸೂತಿಯ ಚೌಕಟ್ಟು, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. ಬೊಂಬೆಗಳಿಗೆ ಬಾಯಿಲ್ಲ. ಇಸ್ತ್ರಿ ಪೆಟ್ಟಿಗೆ ಮಾತ್ರ ಬುಸ್ಸೆಂದು ಒಮ್ಮೆ ಆವಿ ಬಿಟ್ಟಿತು. ಈ ಮನೆಯಲ್ಲಿ ತನ್ನ ಪರವಾಗಿ ಉಸಿರು ಬಿಡುವುದು ಇದೊಂದೇ ಎನ್ನಿಸಿ ಅವಳು ಅದನ್ನು ಬಟ್ಟೆಯ ಮೇಲೆ ಇನ್ನಷ್ಟು ಒತ್ತಿದಳು.

ಮದುವೆಯ ಉಡುಪುಗಳ ಮೇಲೆ ಕೈಕಸೂತಿ ಹಾಕಿಕೊಡುವುದು ಆ ಮನೆಯ ಕಸುಬು. ಕೆಳಗೆ ಅಂಗಡಿ, ಅದರ ಹಿಂದೆ ಮನೆ, ಮೇಲೆ ಕೆಲಸದ ಕೋಣೆ. ಅಣ್ಣ ತಮ್ಮಂದಿರಿಬ್ಬರೂ ಬಟ್ಟೆ ತರುವುದು, ಗಿರಾಕಿಗಳಿಗೆ ಮುಟ್ಟಿಸುವುದು ಎಂದು ಹಗಲೆಲ್ಲ ಹೊರಗೆ. ಒಳಗಿನ ಕೆಲಸ ಇಬ್ಬರು ಸೊಸೆಯರದು. ದೊಡ್ಡವಳು ಗೆರೆ ಹಾಕುವವಳು, ಚಿಕ್ಕವಳು ಸೂಜಿ ಹಿಡಿಯುವವಳು. ಅತ್ತೆ ಗುಂಡಿ ಹೊಲಿಯುವವರು. ಜೊತೆಗೆ ಇಬ್ಬರ ಬಾಯಿಗೂ ಆಗಾಗ ಗುಂಡಿ ಹಾಕುವವರು.

ಬರಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕೊಟ್ಟರೆ ದೊಡ್ಡವಳು ಸೀಮೆಸುಣ್ಣದ ಚೂರು ಹಿಡಿದು ಕೂರುತ್ತಿದ್ದಳು. ಅಳತೆಪಟ್ಟಿ ಇಲ್ಲ, ಅಚ್ಚಿನ ಕಾಗದ ಇಲ್ಲ. ಬಳ್ಳಿ ಎಲ್ಲಿ ಹುಟ್ಟಬೇಕು, ಎಲ್ಲಿ ಬಳುಕಬೇಕು, ಹಕ್ಕಿ ಯಾವ ಕೊಂಬೆಗೆ ಕೂರಬೇಕು ಎಂಬುದೆಲ್ಲ ಬಟ್ಟೆಯಲ್ಲೇ ಅಡಗಿದ್ದಂತೆ, ಅವಳು ಬರೀ ಧೂಳು ಒರೆಸಿ ತೋರಿಸಿದಂತೆ ಗೆರೆ ಮೂಡುತ್ತಿತ್ತು. ಎಳೆಯುವಾಗ ತುಟಿ ಅಲುಗುತ್ತಿತ್ತು. "ಸೌಟಿನ ಬಾಗು, ಬೆಕ್ಕಿನ ಬಾಲ, ಕಿವಿಯ ಸುತ್ತು, ಇಳಿ, ಇಳಿ, ಇಳಿದು ನಿಲ್ಲು." ಅಪ್ಪ ಮುಂಜಾನೆ ಪದ್ಯ ಓದುತ್ತಿದ್ದ ಮನೆಯಲ್ಲಿ ಬೆಳೆದವಳು ಅವಳು. ನಾಲಿಗೆಯ ಮೇಲೆ ಲಯವಿಲ್ಲದೆ ಅವಳ ಕೈ ಓಡುತ್ತಿರಲಿಲ್ಲ. ಬಾಗುಗಳಿಗೆಲ್ಲ ಹೆಸರಿಟ್ಟವಳೂ ಅವಳೇ.

ಆ ಗೆರೆಯ ಮೇಲೆ ಚಿಕ್ಕವಳ ಸೂಜಿ ನಡೆಯುತ್ತಿತ್ತು. ಸುಳ್ಳು ಹೇಳಬಾರದು, ಚಿಕ್ಕವಳ ಸೂಜಿ ಎಂದರೆ ಸೂಜಿಯೇ. ದಾರವನ್ನು ಅವಳು ಒತ್ತಿ ಕೂರಿಸಿದರೆ ದಳಕ್ಕೆ ಮೈ ಬರುತ್ತಿತ್ತು, ಹಕ್ಕಿಯ ಕಣ್ಣು ನೋಡಿದವರನ್ನು ತಿರುಗಿ ನೋಡುತ್ತಿತ್ತು. ಕಸೂತಿ ಮುಗಿದ ಮೇಲೆ ಬಟ್ಟೆ ಮತ್ತೆ ದೊಡ್ಡವಳ ಕೈಗೆ. ಒದ್ದೆ ಸ್ಪಂಜಿನಲ್ಲಿ ಉಳಿದ ಸುಣ್ಣವನ್ನೆಲ್ಲ ಅವಳು ಒತ್ತಿ ಒತ್ತಿ ತೆಗೆಯಬೇಕು. ಸುಣ್ಣದ ಒಂದು ಚುಕ್ಕೆ ಕಂಡರೂ ಗಿರಾಕಿಯ ಮುಂದೆ ಮಾನ ಹೋದ ಹಾಗೆ. ಹೀಗಾಗಿ ಆ ಮನೆಯಲ್ಲಿ ತಾನು ಬರೆದದ್ದನ್ನು ತಾನೇ ಅಳಿಸುವುದು ದೊಡ್ಡವಳ ದಿನನಿತ್ಯದ ಕೆಲಸ. ಅದರ ಬಗ್ಗೆ ಅವಳು ಎಂದೂ ತಲೆ ಕೆಡಿಸಿಕೊಂಡವಳಲ್ಲ. ಈ ಬಾರಿ ಕೆಡಿಸಿಕೊಂಡಳು.

ಯಾವುದೋ ದೂರದ ದೇಶದಲ್ಲಿ ಕೈಕೆಲಸದವರ ದೊಡ್ಡ ಪ್ರದರ್ಶನ. ಅದಕ್ಕೆ ಫೋಟೋ ಕಳಿಸಿ ಎಂದು ಗಿರಾಕಿಯೊಬ್ಬಳು ಹೇಳಿದ್ದಳು. ಹಕ್ಕಿಬಳ್ಳಿಯ ಉಡುಪನ್ನು ಒರೆಸಿದವಳು ದೊಡ್ಡವಳು, ಇಸ್ತ್ರಿ ಮಾಡಿದವಳು ಅವಳು, ಬೆಳಕು ನೋಡಿ ಬೊಂಬೆಗೆ ತೊಡಿಸಿ ಫೋಟೋ ತೆಗೆದವಳು ಅವಳು, ತನ್ನ ಫೋನಿನಿಂದಲೇ ಕಳಿಸಿದವಳೂ ಅವಳೇ. ಪ್ರದರ್ಶನದವರ ಕಡೆಯ ಹೆಂಗಸು ಕರೆ ಮಾಡಿ, "ಇದನ್ನು ಮಾಡಿದವರು ಯಾರು?" ಎಂದು ಕೇಳಿದಾಗ ಫೋನು ಅತ್ತೆಯ ಕೈಯಲ್ಲಿತ್ತು.

"ಇನ್ಯಾರು, ನಮ್ಮ ಚಿಕ್ಕವಳು! ಅವಳ ಕೈ ಬಂಗಾರ," ಎಂದು ಅತ್ತೆ ಹೇಳಿಯೇಬಿಟ್ಟರು.

ದೊಡ್ಡವಳು ಪಕ್ಕದಲ್ಲೇ ಬಟ್ಟೆ ಮಡಚುತ್ತ ನಿಂತಿದ್ದಳು. ಇನ್ನೊಂದು ಮಾತು ಬರುತ್ತದೆ ಎಂದು ಕಾದಳು. ಅತ್ತೆ ಹೇಳದಿದ್ದರೆ ಚಿಕ್ಕವಳು ಹೇಳುತ್ತಾಳೆ, ಅವಳು ಹೇಳದಿದ್ದರೆ ತನ್ನ ಗಂಡನಾದರೂ ಸಂಜೆ ಬಂದವನು ಹೇಳುತ್ತಾನೆ ಎಂದುಕೊಂಡಳು. ಮಡಚಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚಿದಳು. ಯಾರೂ ಹೇಳಲಿಲ್ಲ. ಚಿಕ್ಕವಳಿಗೆ ಪ್ರದರ್ಶನಕ್ಕೆ ಕರೆ ಬಂತು, ಮನೆಯವರೆಲ್ಲ ಸಿಹಿ ತಿಂದರು. ಅವಳೂ ತಿಂದಳು.

ಹೊಟ್ಟೆಕಿಚ್ಚಿಗೆ ಸೌದೆ ಬೇಡ, ಗಾಳಿ ಬೇಡ, ಬೂದಿಯೂ ಉಳಿಯುವುದಿಲ್ಲ. ಉರಿಯುವುದೊಂದೇ ಅದರ ಕೆಲಸ. ಚಿಕ್ಕವಳಿಗೆ ಹೊಸ ಪೆಟ್ಟಿಗೆ ಬಂತು, ಉರಿಯಿತು. ಹೊಸ ಶೂ ಬಂತು, ಉರಿಯಿತು. ಪಾಸ್‌ಪೋರ್ಟಿನ ಫೋಟೋದಲ್ಲಿ ಎಲ್ಲರೂ ಕಳ್ಳರ ಹಾಗೆ ಕಾಣುತ್ತಾರೆ, ಇವಳು ಮಾತ್ರ ಚೆನ್ನಾಗಿ ಕಂಡಳು. ಅದಂತೂ ಧಗಧಗ. ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ನಿಂತು ದೊಡ್ಡವಳು ಪ್ರಾಮಾಣಿಕವಾಗಿಯೇ ಬೇಡಿಕೊಳ್ಳುತ್ತಿದ್ದಳು. "ದೇವರೇ, ಅವಳು ಕ್ಷೇಮವಾಗಿ ಹೋಗಿ ಕ್ಷೇಮವಾಗಿ ಬರಲಿ." ಕಣ್ಣು ತೆರೆಯುವ ಮೊದಲು ಮನಸ್ಸು ತನ್ನದೊಂದು ಸಾಲು ಸೇರಿಸುತ್ತಿತ್ತು. "ಅಲ್ಲಿ ಅವಳಿಗೆ ನೆಗಡಿ ಆಗಲಿ. ದೊಡ್ಡದೇನೂ ಬೇಡ, ಮೂಗು ಕೆಂಪಾಗುವಷ್ಟು ಸಾಕು." ಆಮೇಲೆ ನಾಲಿಗೆ ಕಚ್ಚಿಕೊಂಡು ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು.

ಇಷ್ಟರ ಮೇಲೆ, ಅಲ್ಲಿ ಫೋನಿಗೆ ಇಂಟರ್ನೆಟ್ ತುಂಬಾ ಬೇಕು ಎಂದು ಚಿಕ್ಕವಳು ಹೇಳಿ, ಈ ಪ್ಯಾಕಿನ ವಿಷಯ ದೊಡ್ಡವಳ ತಲೆಗೆ ಕಟ್ಟಿಕೊಂಡಿತು. ಮನೆಯಲ್ಲಿ ಫೋನಿನ ಕೆಲಸವೆಲ್ಲ ದೊಡ್ಡವಳದು. ಗಿರಾಕಿಗಳಿಗೆ ಫೋಟೋ ಕಳಿಸುವುದು, ರೀಚಾರ್ಜ್ ಮಾಡಿಸುವುದು, ಅತ್ತೆ ಅಕಸ್ಮಾತ್ ಒತ್ತಿಬಿಟ್ಟದ್ದನ್ನೆಲ್ಲ ಸರಿಮಾಡುವುದು. "ಯಾವ ಪ್ಯಾಕ್ ಅಂತ ದೊಡ್ಡವಳೇ ನೋಡಿ ಹಾಕಿಸ್ತಾಳೆ ಬಿಡಿ," ಎಂದು ಅತ್ತೆ ತೀರ್ಪು ಕೊಟ್ಟಿದ್ದರು. ಹೋಗುವವಳು ಒಬ್ಬಳು, ದಾರಿ ಗುಡಿಸುವವಳು ಇನ್ನೊಬ್ಬಳು.

ಸಂಜೆ ಇಬ್ಬರೂ ಬೀದಿಯ ತುದಿಯ ಮೊಬೈಲ್ ಅಂಗಡಿಗೆ ಹೋದರು. ಅಂಗಡಿಯವನು ಬೆಳಕಿನ ಕೆಳಗೆ ಬಗ್ಗಿ ಒಡೆದ ಫೋನೊಂದರ ಗಾಜು ಕೀಳುತ್ತಿದ್ದ.

"ಬನ್ನಿ ಬನ್ನಿ. ಏನಕ್ಕಾ, ಮತ್ತೆ ಫೋನಿಗೆ ಟೀ ಕುಡಿಸಿದ್ರಾ?"

"ನಾನಲ್ಲಪ್ಪಾ, ಕುಡಿಸೋದು ನಮ್ಮತ್ತೆ. ಈಗ ಬಂದಿರೋದು ಇವಳ ಕೆಲಸಕ್ಕೆ. ಇವಳು ವಿದೇಶಕ್ಕೆ ಹೋಗ್ತಿದ್ದಾಳೆ." ಕೊನೆಯ ಮಾತನ್ನು ದೊಡ್ಡವಳು ಕಹಿ ಮಾತ್ರೆ ನುಂಗುವ ಹಾಗೆ ಬೇಗ ಮುಗಿಸಿದಳು.

"ಅರೇ, ಭೇಷ್! ಹಾಗಾದ್ರೆ ಕೇಳಿ." ಅಂಗಡಿಯವನು ಸ್ಕ್ರೂಡ್ರೈವರನ್ನೇ ಬೆತ್ತ ಮಾಡಿಕೊಂಡ. "ಅಲ್ಲಿ ಇಳಿದ ಮೇಲೆ ಅಲ್ಲಿಯ ಸಿಮ್ ತಗೋಬಹುದು. ಅಗ್ಗ. ಆದ್ರೆ ನಂಬರ್ ಬೇರೆ ಆಗತ್ತೆ, ನಿದ್ದೆಗಣ್ಣಲ್ಲಿ ಪಾಸ್‌ಪೋರ್ಟ್ ಹಿಡ್ಕೊಂಡು ಸಾಲಲ್ಲಿ ನಿಲ್ಲಬೇಕು, ಅವರ ಭಾಷೆ ನಮಗೆ ಬರಲ್ಲ. ಇಲ್ಲಾ, ಈಗಿರೋ ಸಿಮ್ಮಿಗೇ ಇಲ್ಲೇ ರೋಮಿಂಗ್ ಪ್ಯಾಕ್ ಹಾಕಿಸ್ಕೊಂಡು ಹೋಗೋದು. ವಿಮಾನ ಇಳೀತಿದ್ದ ಹಾಗೆ ಫೋನು ತಾನೇ ಎದ್ದು ಕೂರತ್ತೆ. ಅದರಲ್ಲಿ ಚಿಕ್ಕದು ಒಂದು, ದೊಡ್ಡದು ಒಂದು. ಚಿಕ್ಕದ್ರಲ್ಲಿ ಮಾತು, ಮೆಸೇಜು ಧಾರಾಳ, ಇಂಟರ್ನೆಟ್ ಮಾತ್ರ ಚಮಚದಲ್ಲಿ ಕೊಡ್ತಾರೆ. ದೊಡ್ಡದ್ರಲ್ಲಿ ದಿನಾ ಕೊಡದಲ್ಲಿ ಸುರೀತಾರೆ."

"ಏನೂ ಹಾಕಿಸ್ದೆ ಹೋದ್ರೆ?" ಎಂದಳು ದೊಡ್ಡವಳು.

"ಹೋಗಬಹುದು. ವಾಪಸ್ ಬಂದ ಮೇಲೆ ಬಿಲ್ ನೋಡಿ ಮನೆಯವರು ಮೂರ್ಛೆ ಹೋಗ್ತಾರೆ, ಅಷ್ಟೇ."

ಚಿಕ್ಕವಳು ಯೋಚಿಸಲೇ ಇಲ್ಲ. "ದೊಡ್ಡದೇ ಇರಲಿ ಅಣ್ಣಾ."

"ಯಾಕೇ?" ದೊಡ್ಡವಳು ಸರಕ್ಕನೆ ತಿರುಗಿದಳು. "ಅಲ್ಲಿ ಸೂಜಿ ಹಿಡಿಯೋಕೆ ಹೋಗ್ತೀಯೋ, ಫೋನ್ ಹಿಡಿಯೋಕೆ ಹೋಗ್ತೀಯೋ? ತಲುಪಿದೆ ಅಂತ ಒಂದು ಫೋನು, ಊಟ ಆಯ್ತು ಅಂತ ಒಂದು ಮೆಸೇಜು. ಚಿಕ್ಕದು ಸಾಲದಾ?"

"ವೀಡಿಯೋ ಕಾಲ್ ಮಾಡಬೇಕಲ್ಲ ಅಕ್ಕಾ."

"ರಾತ್ರಿ ಹೋಟೆಲಿಗೆ ಬಂದು ಮಾಡು. ಅಲ್ಲಿ ವೈಫೈ ಇರತ್ತೆ."

"ಹೋಟೆಲಲ್ಲಿ ಅಲ್ಲ." ಚಿಕ್ಕವಳು ನೆಲ ನೋಡಿದಳು. "ಪ್ರದರ್ಶನದ ಜಾಗದಲ್ಲೇ ಬೇಕು. ಹಗಲೆಲ್ಲ."

"ಹಗಲೆಲ್ಲ ಅಂದ್ರೆ ದೊಡ್ಡದೇ ಬೇಕಾಗತ್ತೆ," ಎಂದ ಅಂಗಡಿಯವನು. "ಅಲ್ಲಿಯ ವೈಫೈ ನಂಬಬೇಡಿ. ಜಾತ್ರೇಲಿ ಒಂದೇ ನಲ್ಲಿ ಇದ್ದ ಹಾಗೆ, ಎಲ್ಲರೂ ಒಟ್ಟಿಗೆ ಎಳೆದ್ರೆ ಯಾರಿಗೂ ಸಿಗಲ್ಲ. ಅಷ್ಟೊಂದು ಹೊತ್ತು ಯಾರ ಜೊತೆ ಮಾತಾಡ್ತೀರಿ?"

"ಅಕ್ಕನ ಜೊತೆ."

ಅಂಗಡಿಯವನು ನಕ್ಕ. "ಅದೃಷ್ಟವಂತರು ನೀವು. ನಮ್ಮನೇಲಿ ಓರಗಿತ್ತಿಯರು ಒಂದೇ ಅಡುಗೆಮನೇಲಿದ್ರೂ ಮಾತಾಡಲ್ಲ."

ದೊಡ್ಡವಳಿಗೆ ನಗು ಬರಲಿಲ್ಲ. ಅವಳ ಕಣ್ಣ ಮುಂದೆ ಆಗಲೇ ಚಿತ್ರ ಓಡತೊಡಗಿತ್ತು. ತಾನು ಇಲ್ಲಿ ಸ್ಪಂಜು ಹಿಂಡುತ್ತ ಕೂತಿದ್ದಾಳೆ. ಫೋನು ಬಡಿದುಕೊಳ್ಳುತ್ತದೆ. ಅಕ್ಕಾ, ಇಲ್ಲಿಯ ಸೇತುವೆ ನೋಡಿ. ಅಕ್ಕಾ, ಇಲ್ಲಿಯ ಗೋಪುರ ನೋಡಿ. ಅಕ್ಕಾ, ನನ್ನ ಸುತ್ತ ಎಷ್ಟು ಜನ ನಿಂತಿದ್ದಾರೆ ನೋಡಿ. ಹಸಿದವಳ ಮುಂದೆ ಊಟ ಮಾಡುವುದು ಒಂದು ಪಾಪ. ಹಸಿದವಳನ್ನು ಕೂಗಿ ಕರೆದು, ಇನ್ನೊಂದಿಷ್ಟು ಹತ್ತಿರ ಬನ್ನಿ, ಸರಿಯಾಗಿ ಕಾಣುತ್ತಾ ಎಂದು ಕೇಳಿ ಊಟ ಮಾಡುವುದು ಎಂಥ ಪಾಪ? ಇದಕ್ಕೆ ದಿನಾ ಕೊಡಗಟ್ಟಲೆ ಇಂಟರ್ನೆಟ್ ಬೇರೆ!

"ಮನೇಲಿ ಕೇಳಿ ನಾಳೆ ಬರ್ತೀವಿ," ಎಂದು ಅವಳು ಮೆಟ್ಟಿಲಿಳಿದಳು.

ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ದಾರ ತರುವ ನೆಪದಲ್ಲಿ ಒಬ್ಬಳೇ ಹೋದಳು. "ಚಿಕ್ಕದೇ ಸಾಕಂತೆ," ಎಂದಳು. ಅಂಗಡಿಯವನು, "ವೀಡಿಯೋ ಕಾಲ್ ನಿಲ್ಲತ್ತೆ ಅಕ್ಕಾ, ಮುಖ ಕಾಣೋ ಹೊತ್ತಿಗೆ ಮುಗಿದುಹೋಗತ್ತೆ," ಎಂದು ಎಚ್ಚರಿಸಿದ. "ಮುಖ ನಾವು ನೋಡಿದ್ದೀವಪ್ಪಾ, ಹೊಸದೇನಲ್ಲ," ಎಂದಳು ದೊಡ್ಡವಳು. ಅವನು ಒತ್ತಬೇಕಾದ್ದು ಒತ್ತಿದ. ಹಾರಾಟದ ದಿನದಿಂದ ಪ್ಯಾಕ್ ಶುರುವಾಗುತ್ತದೆ ಎಂದು ಮೆಸೇಜು ಬಂತು. ವಾಪಸ್ ಬರುವ ದಾರಿಯಲ್ಲಿ ದೊಡ್ಡವಳ ಹೆಜ್ಜೆ ಹಗುರವಾಗಿತ್ತು. ಬಹಳ ದಿನಗಳ ನಂತರ ಹೊಟ್ಟೆಯೊಳಗಿನ ಉರಿಗೆ ಯಾರೋ ತಣ್ಣೀರು ಚಿಮುಕಿಸಿದ ಹಾಗಿತ್ತು.

ಮಧ್ಯಾಹ್ನ ಮೂವರೂ ಒಟ್ಟಿಗೆ ಊಟಕ್ಕೆ ಕೂತಾಗ ಹೇಳಿದಳು. "ಪ್ಯಾಕ್ ಹಾಕಿಸ್ದೆ. ಚಿಕ್ಕದು. ದೊಡ್ಡದು ಆ ದೇಶದಲ್ಲಿ ಸರಿಯಾಗಿ ಸಿಗಲ್ವಂತೆ."

"ಒಳ್ಳೇದಾಯ್ತು ಬಿಡು," ಎಂದರು ಅತ್ತೆ, ತುತ್ತು ಕಲಸುತ್ತ. "ಇಲ್ದಿದ್ರೆ ಇವಳು ಅಲ್ಲಿ ಸೂಜಿ ಬಿಟ್ಟು ಫೋನೇ ಪೋಣಿಸ್ತಾ ಕೂರ್ತಿದ್ದಳು."

ಚಿಕ್ಕವಳ ಮುಖ ಬರಿ ಬಟ್ಟೆಯ ಹಾಗೆ ಬಿಳಿಚಿತು. ತಟ್ಟೆಯಲ್ಲಿದ್ದುದನ್ನು ಹಾಗೆಯೇ ಬಿಟ್ಟು ಕೈ ತೊಳೆದು ಮೇಲೆ ಹೋದಳು.

ಸಣ್ಣ ಸೋಲಿಗೆ ಇಷ್ಟು ದೊಡ್ಡ ಮುಖ ಯಾಕೆ? ದೊಡ್ಡವಳಿಗೆ ಮೊದಲು ಖುಷಿ, ಆಮೇಲೆ ಕುತೂಹಲ, ಅದರ ಬೆನ್ನಿಗೆ ಸ್ವಲ್ಪ ಹೆದರಿಕೆ. ಪಾತ್ರೆ ಎತ್ತಿಟ್ಟು ಅವಳೂ ಸದ್ದಿಲ್ಲದೆ ಮೆಟ್ಟಿಲು ಹತ್ತಿದಳು.

ಕೆಲಸದ ಕೋಣೆಯಲ್ಲಿ ಚಿಕ್ಕವಳು ಚೌಕಟ್ಟಿನ ಮುಂದೆ ಕೂತಿದ್ದಳು. ಕೈಯಲ್ಲಿ ಸೂಜಿ ಇರಲಿಲ್ಲ, ಸೀಮೆಸುಣ್ಣ ಇತ್ತು. ಬಟ್ಟೆಯ ಮೇಲೆ ಅವಳು ಬಳ್ಳಿ ಬರೆಯಲು ಹೆಣಗಿದ್ದಳು. ಗೆರೆ ಒಂದು ಗೇಣು ಹೋಗುವುದರೊಳಗೆ ಸೊಂಟ ಮುರಿದುಕೊಂಡು ಬಿದ್ದಿತ್ತು. ಎಲೆಗಳು ಚಪ್ಪಲಿಗಳ ಹಾಗೆ, ಹಕ್ಕಿ ಕಾಲಿರುವ ಬದನೆಕಾಯಿಯ ಹಾಗೆ. ಬೆರಳು, ಮೂಗು, ಕೆನ್ನೆ ಎಲ್ಲ ಸುಣ್ಣ; ಕೆನ್ನೆಯ ಸುಣ್ಣದ ಮೇಲೆ ಕಣ್ಣೀರಿನ ದಾರಿ.

"ಇದೇನೇ ಇದು?"

ಚಿಕ್ಕವಳು ಮುಚ್ಚಿಡಲು ನೋಡಿದಳು, ಆಗಲಿಲ್ಲ. "ಬರಲ್ಲ ಅಕ್ಕಾ. ಎಷ್ಟು ದಿನದಿಂದ ನೋಡ್ತಿದ್ದೀನಿ. ನನಗೆ ಗೆರೆ ಬರಲ್ಲ."

"ನಿನಗ್ಯಾಕೆ ಬರಬೇಕು? ನಾನು ಹಾಕಿಕೊಡಲ್ವಾ?"

"ಅಲ್ಲಿ ಬರಿ ಬಟ್ಟೆ ಕೊಡ್ತಾರಂತೆ. ಜನರ ಮುಂದೆ ಮೊದಲಿಂದ ಶುರು ಮಾಡಬೇಕು. ಗೆರೆ ಹಾಕಿರೋ ಬಟ್ಟೆ ತರೋ ಹಾಗಿಲ್ಲ. ತಂದ್ರೂ ಮಡಚಿದ ಬಟ್ಟೇಲಿ ಸುಣ್ಣ ಎಲ್ಲಿ ನಿಲ್ಲತ್ತೆ?" ಅವಳು ಬಿಕ್ಕಿದಳು. "ಅದಕ್ಕೇ ದೊಡ್ಡ ಪ್ಯಾಕ್ ಅಂದಿದ್ದು. ಫೋನಲ್ಲಿ ನಿಮಗೆ ಬಟ್ಟೆ ತೋರಿಸ್ತೀನಿ. ನೀವು ಇಲ್ಲಿಂದ ಹೇಳ್ತಾ ಹೋಗಿ, ಸೌಟಿನ ಬಾಗು, ಬೆಕ್ಕಿನ ಬಾಲ ಅಂತ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಕೇಳಿದ್ದೀನಲ್ಲ, ನಿಮ್ಮ ದನಿ ಕೇಳಿದ್ರೆ ಕೈ ತಾನೇ ತಿರುಗತ್ತೆ. ದನಿ ಇಲ್ದಿದ್ರೆ ನೋಡಿ, ಬದನೆಕಾಯಿ."

ದೊಡ್ಡವಳು ನಿಂತಲ್ಲೇ ನಿಂತಳು. ಇಷ್ಟು ದಿನ ಅವಳು ಯಾವ ಮಾತಿಗೆ ಕಾದಿದ್ದಳೋ ಆ ಮಾತು ಹೀಗೆ, ಸುಣ್ಣ ಮೆತ್ತಿಕೊಂಡು, ಮೂಗು ಸೋರಿಸಿಕೊಂಡು ಬಂದಿತ್ತು. ಸೂಜಿ ಬಂಗಾರವೇ ಇರಲಿ, ದಾರಿ ತೋರಿಸುವುದು ಗೆರೆ. ಗೆರೆ ತನ್ನದು.

"ಅಳಬೇಡ. ದೊಡ್ಡದು ಸಿಗತ್ತೆ," ಎಂದಳು. "ನಾನು ಸುಳ್ಳು ಹೇಳಿದೆ."

"ಗೊತ್ತಿತ್ತು ಅಕ್ಕಾ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ನಿಮಗೆ ಬೇಜಾರಿದೆ ಅಂತಾನೂ ಗೊತ್ತಿತ್ತು."

ದೊಡ್ಡವಳು ಅವಳ ಕೆನ್ನೆಯ ಸುಣ್ಣವನ್ನು ಹೆಬ್ಬೆರಳಿನಿಂದ ಒರೆಸಿದಳು. ಚಪ್ಪಲಿ ಮೆಟ್ಟಿಕೊಂಡು ಸೀದಾ ಮೊಬೈಲ್ ಅಂಗಡಿಗೆ ನಡೆದಳು.

"ಚಿಕ್ಕದನ್ನ ತೆಗೆದು ದೊಡ್ಡದು ಹಾಕಪ್ಪಾ. ಕೊಡ ಅಂದ್ಯಲ್ಲ, ಆ ಕೊಡದ್ದು."

"ಬೆಳಿಗ್ಗೆ ಚಮಚ, ಮಧ್ಯಾಹ್ನ ಕೊಡ. ಮಧ್ಯೆ ಏನಾಯ್ತಕ್ಕಾ?"

"ಬಾಯಾರಿಕೆ ಆಯ್ತು. ಬದಲಾಯಿಸಕ್ಕೆ ಆಗತ್ತೋ ಇಲ್ವೋ?"

"ಇನ್ನೂ ಶುರು ಆಗಿಲ್ವಲ್ಲ, ಆಗತ್ತೆ." ಅವನು ಒತ್ತುತ್ತಿದ್ದಾಗ ದೊಡ್ಡವಳು ನೂರೆಂಟು ಪ್ರಶ್ನೆ ಕೇಳಿದಳು. ಅಲ್ಲಿ ಬೆಳಗಾದಾಗ ಇಲ್ಲಿ ಎಷ್ಟು ಹೊತ್ತಾಗಿರತ್ತೆ? ಕೊಡ ಖಾಲಿಯಾದ್ರೆ ನಡುವೆ ಕಡಿದುಹೋಗತ್ತಾ, ನಿಧಾನವಾಗತ್ತಾ? ಚಿತ್ರ ನಡುಗಿದ್ರೆ ಗೆರೆ ಸರಿಯಾಗಿ ಕಾಣತ್ತಾ? ಅಂಗಡಿಯವನು ಸುಸ್ತಾಗಿ, "ಹೋಗೋದು ಅವರೋ ನೀವೋ?" ಎಂದ.

ದೊಡ್ಡವಳಿಗೆ ಆ ಮಾತು ಹಾಲು ಕುಡಿದಷ್ಟು ಹಿತವಾಯಿತು. ಹೌದಲ್ಲ, ತಾನೂ ಹೋಗುತ್ತಿದ್ದಾಳೆ! ಮೈ ಇಲ್ಲಿದ್ದರೇನು, ದನಿ ಅಲ್ಲಿರುತ್ತದೆ, ಗೆರೆ ಅಲ್ಲಿರುತ್ತದೆ. ಸುತ್ತ ನಿಂತ ಜನ ಫೋನಿನಲ್ಲಿ ಅವಳನ್ನು ನೋಡಿ ಕೈ ಬೀಸುತ್ತಾರೆ. ಆಗ ಮುಖ ಚೆನ್ನಾಗಿರಬೇಕು, ಹಿಂದಿನ ಗೋಡೆ ಚೊಕ್ಕಟವಾಗಿರಬೇಕು. ಚಿಕ್ಕವಳು ಒಯ್ಯಲೆಂದು ಫೋನು ನಿಲ್ಲಿಸುವ ಸಣ್ಣ ಸ್ಟ್ಯಾಂಡ್ ಒಂದನ್ನೂ ಅವಳು ಕೊಂಡಳು. ಮನೆಗೆ ಬಂದವಳೇ ಕೆಳಗಿನ ಅಂಗಡಿಯ ಗೋಡೆಯ ಮೇಲಿದ್ದ ಹಳೆಯ ಬಟ್ಟೆಚೂರುಗಳನ್ನೆಲ್ಲ ಕಿತ್ತು ತೆಗೆದಳು.

"ಏನೇ ದೊಡ್ಡವಳೇ, ಇದ್ದಕ್ಕಿದ್ದ ಹಾಗೆ ಸಡಗರ? ನಿನ್ನನ್ನ ನೋಡೋಕೆ ಯಾರಾದ್ರೂ ಬರ್ತಾರಾ?" ಎಂದರು ಅತ್ತೆ.

"ಬರ್ತಾರೆ ಅತ್ತೆ, ಒಂದು ದೇಶಾನೇ ಬರತ್ತೆ."

ಸಂಜೆ ಒಂದು ಸಲ ಮಾಡಿನೋಡುವುದೆಂದಾಯಿತು. ಚಿಕ್ಕವಳು ಮೇಲೆ, ದೊಡ್ಡವಳು ಕೆಳಗೆ, ನಡುವೆ ಫೋನು. ಪರದೆಯಲ್ಲಿ ಬರಿ ಬಟ್ಟೆ ಬಂತು, ಅದರ ಅಂಚಿನಲ್ಲಿ ಸುಣ್ಣ ಹಿಡಿದ ಚಿಕ್ಕವಳ ಬೆರಳು. ದೊಡ್ಡವಳು ಕಣ್ಣು ಅರೆಮುಚ್ಚಿದಳು. ಮೊದಲು ದನಿ ಸ್ವಲ್ಪ ಅದುರಿತು, ಆಮೇಲೆ ತನ್ನ ದಾರಿ ಹಿಡಿಯಿತು.

"ಎಡಗಡೆ ಮೂಲೆಯಿಂದ ಏಳು. ಸೌಟಿನ ಬಾಗು, ಸೌಟಿನ ಬಾಗು, ಹಿಡಿ ಉದ್ದ ಇರಲಿ. ಈಗ ಬೆಕ್ಕಿನ ಬಾಲ. ಬೆಕ್ಕು ಮಲಗಿದೆ, ಬಾಲ ಎದ್ದಿದೆ, ತುದಿ ಮಾತ್ರ ಮಡಚಿದೆ. ಹ್ಞಾ. ಅಲ್ಲೊಂದು ಕಿವಿಯ ಸುತ್ತು, ಒಳಗಿಂದ ಹೊರಕ್ಕೆ. ಇಳಿ, ಇಳಿ, ಅವಸರ ಬೇಡ, ಇಳಿ, ಇಳಿದು ನಿಲ್ಲು."

ಬೆರಳು ಇಳಿದು ನಿಂತಿತು. ಬಟ್ಟೆಯ ಮೇಲೆ ಬಳ್ಳಿ ಇತ್ತು! ಸ್ವಲ್ಪ ಗಡುಸು, ಒಂದೆರಡು ಕಡೆ ತೊದಲು; ಆದರೂ ಬಳ್ಳಿಯೇ. ಬಾಯಿ ಹೇಳಿದ್ದನ್ನು ಇನ್ನೊಬ್ಬಳ ಕೈ ಮಾಡಿತ್ತು. ದೊಡ್ಡವಳ ಮೈ ಜುಮ್ಮೆಂದಿತು. ಚಿಕ್ಕಂದಿನಲ್ಲಿ ಅಪ್ಪ ಒಂದು ಸಾಲು ಓದಿ ನಿಲ್ಲಿಸಿದಾಗ, ಮುಂದಿನ ಸಾಲು ಕೇಳಿಸುವ ಮೊದಲೇ ಎದೆಯೊಳಗೆ ಏನೋ ಏಳುತ್ತಿತ್ತಲ್ಲ, ಅಂಥದ್ದು. ಫೋನನ್ನು ಅಲ್ಲೇ ಬಿಟ್ಟು ಅವಳು ಮೆಟ್ಟಿಲುಗಳನ್ನು ಹುಡುಗಿಯ ಹಾಗೆ ಹತ್ತಿದಳು. ಏನಾಯಿತೋ ಎಂದು ಅತ್ತೆಯೂ ಗೊಣಗುತ್ತ ಹಿಂದೆ ಬಂದರು.

ಚಿಕ್ಕವಳು ಚೌಕಟ್ಟಿನ ಮುಂದೆ ನಗುತ್ತ ಕೂತಿದ್ದಳು. ಆದರೆ ಫೋನು ಎಲ್ಲಿ? ಸ್ಟ್ಯಾಂಡ್ ಖಾಲಿಯಾಗಿ ಮೂಲೆಯಲ್ಲಿ ಬಿದ್ದಿತ್ತು. ಫೋನನ್ನು ಅವಳು ದಾರದ ಡಬ್ಬಿಗಳ ನಡುವೆ, ಬಟ್ಟೆ ಮಾತ್ರ ಕಾಣುವ ಹಾಗೆ ತೂರಿಸಿ, ಮೇಲೊಂದು ತುಂಡು ಬಟ್ಟೆ ಹೊದೆಸಿದ್ದಳು. ಕಿವಿಗೆ ಹಾಕಿದ್ದ ಇಯರ್‌ಫೋನಿನ ಪುಟ್ಟ ಗುಂಡಿಯ ಮೇಲೆ ಕೂದಲನ್ನು ಇಳಿಬಿಟ್ಟು ಬಾಚಿದ್ದಳು.

"ಇದ್ಯಾಕೆ ಹೀಗೆ ಮುಚ್ಚಿಟ್ಟಿದ್ದೀಯಾ?"

"ಯಾರಿಗೂ ಕಾಣಬಾರದಲ್ಲ ಅಕ್ಕಾ. ಚೆನ್ನಾಗಿ ಕೂತಿದೆ ಅಲ್ವಾ? ಎದುರಿಗೆ ನಿಂತ್ರೂ ಗೊತ್ತಾಗಲ್ಲ."

ದೊಡ್ಡವಳು ಖಾಲಿ ಸ್ಟ್ಯಾಂಡನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತು ಅದರ ಕಾಲು ಮಡಚಿದಳು, ಬಿಡಿಸಿದಳು. "ನೋಡು, ಮುಚ್ಚಿಡೋದು ಬೇಡ. ಫೋನನ್ನ ಇದರ ಮೇಲೆ, ಮೇಜಿನ ಮೇಲೆ ನಿಲ್ಲಿಸು. ಜನರಿಗೆ ಕಾಣೋ ಹಾಗೆ. ಇವರು ನಮ್ಮಕ್ಕ, ಗೆರೆ ಇವರದು ಅಂತ ಒಂದು ಮಾತು ಹೇಳು. ದಿನಾ ಹೇಳಬೇಡ, ಮೊದಲ ದಿನ ಹೇಳು, ಸಾಕು."

ಚಿಕ್ಕವಳ ನಗು ಸೂಜಿಯ ಕಣ್ಣಷ್ಟಾಯಿತು. "ಅದು ಹೇಗಾಗತ್ತೆ ಅಕ್ಕಾ? ಪ್ರದರ್ಶನದ ಬೋರ್ಡಲ್ಲಿ ನನ್ನ ಒಬ್ಬಳ ಹೆಸರು ಹಾಕಿಬಿಟ್ಟಿದ್ದಾರೆ."

"ಬೋರ್ಡ್ ಬದಲಾಯಿಸಕ್ಕೆ ನಾನು ಹೇಳ್ತಿಲ್ಲ. ಬಾಯಲ್ಲಿ ಹೇಳು ಅಂದೆ."

"ಒಂದೇ ಮನೆಯವರು ನೀವು," ಅತ್ತೆ ನಡುವೆ ಬಂದರು. "ಯಾರ ಹೆಸರಾದ್ರೇನೇ?"

"ಏನೂ ಇಲ್ಲ ಅಲ್ವಾ ಅತ್ತೆ? ಹಾಗಾದ್ರೆ ನನ್ನ ಹೆಸರೇ ಇರಲಿ."

ಅತ್ತೆಯ ಬಾಯಿಗೆ ಆ ಸಂಜೆ ಮೊದಲ ಸಲ ಬೇರೆಯವರು ಗುಂಡಿ ಹಾಕಿದರು. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ದೊಡ್ಡವಳು ದನಿ ತಗ್ಗಿಸಿದಳು. ತನ್ನೊಳಗಿನ ಉರಿಯನ್ನು ಮುಚ್ಚಳದಲ್ಲಿ ಒತ್ತಿಹಿಡಿದು, ಮಗುವಿಗೆ ತಿನ್ನಿಸುವ ಹಾಗೆ ಹೇಳಿದಳು. "ಇಷ್ಟು ದಿನ ಅವರು ಕೇಳಿದ್ದು ಮಾಡಿದವರು ಯಾರು ಅಂತ. ಅತ್ತೆ ನಿನ್ನ ಹೆಸರು ಹೇಳಿದ್ರು. ಗೆರೆ ಬೇರೆ, ಸೂಜಿ ಬೇರೆ ಅಂತ ಆ ಹೆಂಗಸಿಗೆ ಗೊತ್ತಿಲ್ಲ, ಕೇಳಿಲ್ಲ. ಕೇಳಿದ್ರೆ ನೀನು ಹೇಳ್ತಿದ್ದೆ. ಈಗ ನೀನಾಗೇ ಹೇಳು. ಅಷ್ಟೇ ತಾನೇ?"

ಚಿಕ್ಕವಳು ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸಿದಳು. ಅದು ಪುಡಿಯಾಗಿ ಮಡಿಲಿಗೆ ಉದುರಿತು.

"ಕೇಳಿದ್ರು ಅಕ್ಕಾ."

"ಯಾರು?"

"ಆ ಹೆಂಗಸು. ಟಿಕೆಟ್ ಮಾಡಿಸೋವಾಗ ನನಗೆ ಫೋನ್ ಮಾಡಿದ್ರಲ್ಲ, ಆವಾಗ. ಗೆರೆ ಹಾಕೋರು ಬೇರೆ ಯಾರಾದ್ರೂ ಇದ್ದಾರಾ, ಇದ್ರೆ ಇಬ್ಬರೂ ಬರಬಹುದು ಅಂದ್ರು."

ಕೆಳಗೆ, ಬಿಟ್ಟುಬಂದ ಫೋನಿನಲ್ಲಿ, ಅದೇ ಮಾತು ಒಂದು ಕ್ಷಣ ತಡವಾಗಿ ಮತ್ತೊಮ್ಮೆ ಕೇಳಿಸಿತು. "ಇಬ್ಬರೂ ಬರಬಹುದು ಅಂದ್ರು."

"ನೀನೇನಂದೆ?"

"ಎಲ್ಲಾ ನಾನೇ ಅಂದೆ." ಚಿಕ್ಕವಳು ಮುಖ ಎತ್ತಲಿಲ್ಲ. "ಅಕ್ಕಾ, ನಿಮಗೆ ಹೇಗೆ ಹೇಳಲಿ? ನೀವು ಬಂದ್ರೆ ಎಲ್ಲರೂ ನಿಮ್ಮನ್ನೇ ನೋಡ್ತಾರೆ. ಬರಿ ಬಟ್ಟೇಲಿ ನೀವು ಹಕ್ಕಿ ತೆಗೆಯೋದು ನೋಡಿದ ಮೇಲೆ ಸೂಜಿ ಹಿಡ್ಕೊಂಡು ಪಕ್ಕದಲ್ಲಿ ಕೂತೋಳನ್ನ ಯಾರು ನೋಡ್ತಾರೆ? ಮದುವೆಯಾಗಿ ಬಂದಾಗಿಂದ ನಾನು ನೀವು ಎಳೆದ ಗೆರೆ ಮೇಲೇ ನಡೀತಿದ್ದೀನಿ. ಒಂದು ಸಲ, ಒಂದೇ ಒಂದು ಸಲ, ನಾನೊಬ್ಬಳೇ ಇರಬೇಕು ಅನ್ನಿಸ್ತು. ನಿಮ್ಮ ಮೇಲೆ ಹೊಟ್ಟೆಕಿಚ್ಚು ಅಕ್ಕಾ ನನಗೆ."

ದೊಡ್ಡವಳಿಗೆ ಕ್ಷಣಕಾಲ ಇದು ತನ್ನದೇ ಮಾತು, ಯಾರೋ ಕದ್ದು ಹೇಳುತ್ತಿದ್ದಾರೆ ಎನ್ನಿಸಿತು. ಇಷ್ಟು ದಿನ ಈ ಗೋಡೆಯ ಈಚೆಗೆ ತಾನು ಬೇಯುತ್ತಿದ್ದರೆ, ಆಚೆಗೆ ಇವಳು ಬೇಯುತ್ತಿದ್ದಳು. ಒಂದೇ ಮನೆಯಲ್ಲಿ ಎರಡು ಒಲೆ. ಬೇರೆ ದಿನವಾಗಿದ್ದರೆ ಇಬ್ಬರೂ ಹಣೆ ಹಣೆ ಚಚ್ಚಿಕೊಂಡು ನಗಬಹುದಿತ್ತು. ಆದರೆ ಕೊಂಡ ಶೂ ಒಂದೇ ಜೊತೆ, ಪಾಸ್‌ಪೋರ್ಟು ಒಂದೇ, ವಿಮಾನದಲ್ಲಿ ಸೀಟು ಒಂದೇ. ಎರಡು ಇರಬಹುದಿತ್ತು.

"ತಪ್ಪಾಯ್ತು ಅಕ್ಕಾ." ಚಿಕ್ಕವಳು ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಕೈಯಲ್ಲಿ ಸುಣ್ಣದ ಪುಡಿ ಇನ್ನೂ ಜಿಗುಟಾಗಿತ್ತು. "ವಾಪಸ್ ಬಂದ ಮೇಲೆ ಬೈಯಿರಿ, ಹೊಡೀರಿ. ಈಗ ಬೇರೆ ದಾರಿ ಇಲ್ಲ. ಪ್ಯಾಕ್ ಹಾಕಿಸಿ ಆಗಿದೆ, ಕೊಡಗಟ್ಟಲೆ ಇದೆ, ನೀವೇ ಹಾಕಿಸಿದ್ದೀರಿ. ನಾನು ಅಲ್ಲಿ ಬರಿ ಬಟ್ಟೆ ಮುಂದೆ ಕೂತು ಫೋನ್ ಮಾಡಿದಾಗ ನೀವು ಎತ್ತಿ. ಅಷ್ಟು ಮಾಡಿ, ಸಾಕು."

"ಎತ್ತೇ ದೊಡ್ಡವಳೇ," ಅತ್ತೆಯ ದನಿಯೂ ಬೇಡುವ ಹಾಗಿತ್ತು. "ಮನೆಯ ಮಾನ."

ದೊಡ್ಡವಳು ತನ್ನ ಕೈಗಳನ್ನು ಮೆಲ್ಲನೆ ಬಿಡಿಸಿಕೊಂಡಳು.

"ಎತ್ತಲ್ಲ," ಎಂದಳು.